ಮೂರು ಬೊಟ್ಟು, ಒಂದು ಪೆಟ್ಟಿಗೆ

ಅಣ್ಣಿಗೇರಿ ಕಡೆಯ ಒಂದು ಕಾಳು ಖರೀದಿ ಕೇಂದ್ರಕ್ಕೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಟ್ಟವಳು ನಾನು. ಒಂದೇ ಪೆಟ್ಟಿಗೆಯೊಳಗೆ ಬೇರೆ ಬೇರೆ ಕಂಪ್ಯೂಟರಿನಂತೆ ನಡೆಯುವ ಮೂರು ವರ್ಚುವಲ್ ಯಂತ್ರಗಳು: ಗೇಟಿನದು, ತೇವ ಪರೀಕ್ಷೆಯದು, ತೂಕದ್ದು. ಮೂರೂ ಸೇರಿ ಸಂದೇಶಗಳ ಒಂದೇ ಸರತಿಯನ್ನು ಕಾಯುತ್ತವೆ. ತೇವ ಪಾಸಾಯಿತೆಂಬ ಸಂದೇಶ ಸರತಿಯಲ್ಲಿ ಬಂದು ಮುಟ್ಟಿದರೆ ಮಾತ್ರ ತೂಕ. ಕೈಯಿಂದ ತೂಗಲು ಬಾರದಂತೆ ಬಿಗಿ ಮಾಡಿದವಳೂ ನಾನೇ. ಏನೇ ಆದರೂ ಒಂದು ಸಂದೇಶವೂ ಕಳೆಯುವುದಿಲ್ಲ ಎಂದು ಜಂಬ ಬೇರೆ ಕೊಚ್ಚಿದ್ದೆ.

ಷರತ್ತು ಒಂದೇ. ಮೂರನ್ನೂ ಬಂದ್ ಮಾಡಿದರೆ, ಕೊನೆಗೆ ಬಂದ್ ಮಾಡಿದ್ದನ್ನೇ ಮೊದಲು ಎಬ್ಬಿಸಬೇಕು. ಸರತಿಯಲ್ಲಿ ಏನೇನು ಉಳಿದಿದೆ ಎಂಬುದು ಅದಕ್ಕೊಂದಕ್ಕೇ ಪೂರ್ತಿ ಗೊತ್ತಿರುತ್ತದೆ. ಇದನ್ನು ಅಲ್ಲಿಯ ವ್ಯವಸ್ಥಾಪಕರಿಗೆ, ಎಲ್ಲರೂ ಕಾಕಾ ಎನ್ನುವ ಹಿರಿಯರಿಗೆ, ಎಷ್ಟು ಸಲ ಹೇಳಿದ್ದೇನೋ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಶ್ರಾವಣ ಮುಗಿಯುವ ಅಮಾವಾಸ್ಯೆಯಂದು ತೂಕ ನಿಂತಿದೆಯೆಂದು ಫೋನು ಬಂತು. ಓಡಿ ಹೋದೆ. ಪೆಟ್ಟಿಗೆಗೆ ಚೆಂಡುಹೂವು, ಒಡೆದ ಕಾಯಿ, ಒಳಗಿನ ಯಂತ್ರಕ್ಕೆ ಒಂದರಂತೆ ಮೂರು ಕುಂಕುಮದ ಬೊಟ್ಟು.

“ಪೂಜಿ ಆದಮ್ಯಾಲೆ ಮೊದಲ ಯಾವದನ್ನ ಎಬ್ಬಿಸಿದ್ರಿ, ಕಾಕಾ?”

“ಒಂದನೇದು. ಹಿರೇದಲ್ಲೇನವಾ ಅದು? ಅದು ಎದ್ದಮ್ಯಾಲೆ ಉಳದದ್ದು ಎಬ್ಬಸೂಣು ಅಂತ ಕುಂತೇನಿ.”

ಪೂಜೆಗೆಂದು ಬಂದ್ ಮಾಡುವಾಗಲೂ ಹಿರಿಯದನ್ನೇ ಮೊದಲು, ಮೂರನೆಯದನ್ನು ಕೊನೆಗೆ ಮಾಡಿದ್ದರು. ಈಗ ಹಿರಿಯದು, ಮೂರನೆಯದು ಏಳಲೆಂದು ಕಾಯುತ್ತಿತ್ತು; ಕಾಕಾ ಹಿರಿಯದು ಏಳಲೆಂದು ಕಾಯುತ್ತಿದ್ದರು. ಒಂದೂವರೆ ತಾಸಿನಿಂದ ಇದೇ ಮರ್ಯಾದೆ ನಡೆದಿತ್ತು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಹೊರಗೆ ಮೋಡ ಕಟ್ಟಿತ್ತು. ತೂಕಕ್ಕೆ ನಿಂತ ಗಾಡಿಗಳ ಸಾಲಿನಲ್ಲಿ ಮೊದಲಿದ್ದದ್ದು ಒಬ್ಬ ಮುದುಕಿಯ ಟ್ರ್ಯಾಕ್ಟರ್, ತುಂಬ ಹೆಸರುಕಾಳು. ಪೂಜೆಗೆ ಮುಂಚೆಯೇ ತೇವ ಪಾಸಾಗಿತ್ತು. ಈಗ ಕರೆಯುತ್ತಾರೆಂದು ತಾಡಪತ್ರಿ ಬಿಚ್ಚಿ ನಿಂತಿದ್ದಳು.

ನಾನು ಮೂರನೆಯದನ್ನು ಎಬ್ಬಿಸಲು ಕುಳಿತೆ. ಅದು ಏಳುವಷ್ಟರಲ್ಲಿ ತಗಡಿನ ಮೇಲೆ ದಪ್ಪ ಹನಿ ಬಿದ್ದವು. ಅವಳು ತಾಡಪತ್ರಿ ಎಳೆಯುವಷ್ಟರಲ್ಲಿ ಮಳೆ ಸುರಿದೇಬಿಟ್ಟಿತು. ಉಳಿದೆರಡೂ ಎದ್ದವು. ಸಂದೇಶಗಳೆಲ್ಲ ಒಂದರ ಹಿಂದೊಂದು ಬಂದು ಮುಟ್ಟಿದವು.

“ಒಂದೂ ಕಳದಿಲ್ಲ ನೋಡವಾ,” ಎಂದರು ಕಾಕಾ, ನನ್ನ ಪರವಾಗಿ ಹೆಮ್ಮೆಯಿಂದ. ನನಗೆ ಮೈ ಉರಿಯಿತು.

ಮುದುಕಿ ಒಳಗೆ ಬಂದು ಮೇಜಿನ ಮೇಲೆ ಒಂದು ಹಿಡಿ ಕಾಳು ಇಟ್ಟಳು. ನೀರು ಇಳಿಯುತ್ತಿತ್ತು.

“ಛಲೋ ಆತು ಬಿಡು, ತಂಗಿ. ಇವನ್ನ ಈಗ ಯಾರು ತಗೋತಾರ?”

ತೊಯ್ದ ಕಾಳು ಕೊಳ್ಳುವಂತಿಲ್ಲ, ನಿಯಮ ಅದು. ಪರದೆಯ ಮೇಲೆ ಅವಳ ಸಂದೇಶ ತೂಕಕ್ಕೆ ಕಾದು ನಿಂತಿತ್ತು: ತೇವ ಪಾಸು. ಅದನ್ನು ನಾನೇ ಅಳಿಸಿದೆ.