ಡಿಸ್ಕ್ ತಂದವರಿಗಷ್ಟೇ ಬೀಗ ತೆಗೆಯುವ ರಾಣಿ

ಬೆಳಗಿನ ಐದೂಕಾಲು. ಕೊಳ್ಳೇಗಾಲದ ಮಗ್ಗದ ಬೀದಿಯೊಂದರಲ್ಲಿ ಒಂದೇ ಒಂದು ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ರಾಣಿ ಸ್ಟೂಲಿನ ಮೇಲೆ ಕುಳಿತು, ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಅಂಗೈಯಗಲದ ಹಸಿರು ಬೋರ್ಡಿನ ಮೇಲೆ ಕಾದ ಬೆಸುಗೆ ಐರನ್ನಿನ ಮೊನೆ ಇಡುತ್ತಾರೆ. ಉಸಿರು ಬಿಗಿಹಿಡಿದು ಒಂದು ತಂತಿ. ಉಸಿರು ಬಿಟ್ಟು, ಬೆರಳು ಒರೆಸಿಕೊಂಡು, ಮತ್ತೊಂದು. ಕೂದಲೆಳೆಯಷ್ಟು ಸಣ್ಣ ಏಳು ತಂತಿಗಳಿವೆ. ಏಳೂ ಮುಗಿಯುವವರೆಗೆ ಅವರು ಟೀ ಕುಡಿಯುವುದಿಲ್ಲ, ಮಾತೂ ಆಡುವುದಿಲ್ಲ. ಬಾಗಿಲಲ್ಲಿ ನಿಂತವರು ಕಾಯಬೇಕು, ವರದಿಗೆಂದು ಬಂದ ನಾನೂ.

ಇಷ್ಟು ಬೇಗ ಏಕೆ ಎಂದು ಕೇಳಿದರೆ ಗೋಡೆಯತ್ತ ಬೆರಳು ತೋರಿಸುತ್ತಾರೆ. ಗೋಡೆಯಾಚೆ ಆರು ರೇಷ್ಮೆ ಮಗ್ಗಗಳಿವೆ, ಎಲ್ಲವೂ ಕರೆಂಟಿನವು. ಏಳೂವರೆಗೆ ಅವು ಶುರುವಾದರೆ ರಾಣಿಯ ಮೇಜೂ ಜೊತೆಗೆ ನಡುಗುತ್ತದೆ.

“ಮಗ್ಗ ಬುಡೋಕ್ಕೆ ಮುಂಚೆ ಸಣ್ಣ ಕೆಲ್ಸ ಮುಗೀಬೇಕು ಕಣ್ಣು. ಆಮ್ಯಾಕೆ ಬರೀ ಮಿಕ್ಸಿ, ರಿಮೋಟು, ಚಾರ್ಜರ್ರು. ಅವು ನಡುಗುದ್ರೂ ನಡೀತದ.”

‘ಕಣ್ಣು’ ಎನ್ನುವುದು ಅವರ ಊರಿನ ಪ್ರೀತಿಯ ಕರೆ. ಮಾರ್ಟಳ್ಳಿಯಲ್ಲಿ ಹುಟ್ಟಿ, ತಮಿಳು ಕನ್ನಡ ಎರಡನ್ನೂ ಒಟ್ಟಿಗೇ ಕಲಿತವರು. ಗಿರಾಕಿಗಳೆಲ್ಲರೂ ಅವರಿಗೆ ಕಣ್ಣೇ, ಅರವತ್ತು ದಾಟಿದವರೂ.

ಮೇಜಿನ ಮೇಲಿರುವುದು ಟೀವಿಗೆ ಜೋಡಿಸಿ ಆಡುವ ಗೇಮ್ ಮೆಷಿನ್. ಅದರಲ್ಲಿ ಡಿಸ್ಕ್ ಓದುವ ಡ್ರೈವ್ ಕೆಟ್ಟಿದೆ. ಇನ್ನೊಂದು ಡ್ರೈವ್ ತಂದು ಹಾಕಿದರೆ ಸಾಲದು. ತಯಾರಾಗುವಾಗಲೇ ಈ ಬೋರ್ಡಿಗೆ ಇದೇ ಡ್ರೈವ್ ಎಂದು ಗುರುತಿನ ಸಂಖ್ಯೆ ಬರೆದಿರುತ್ತಾರೆ. ಬೇರೆಯದು ಕಂಡರೆ ಮೆಷಿನ್ ಒಲ್ಲೆ ಎನ್ನುತ್ತದೆ. ಕಳ್ಳ ಡಿಸ್ಕ್ ಓಡಬಾರದೆಂದು ಕಂಪನಿಯವರು ಮಾಡಿದ ವ್ಯವಸ್ಥೆ ಇದು. ರಾಣಿ ಇದನ್ನು ತಮ್ಮದೇ ರೀತಿಯಲ್ಲಿ ವಿವರಿಸುತ್ತಾರೆ.

“ಫ್ಯಾಕ್ಟ್ರೀಲೆ ತಾಳಿ ಕಟ್ಟಿ ಕಳ್ಸವ್ರೆ. ಗಂಡ ಸತ್ತೋದ್ರೂ ಇನ್ನೊಂದು ಕೂಡಾವಳಿ ಮಾಡ್ಕಳಂಗಿಲ್ಲ. ಈ ಬೀದೀಲಿ ಕೂಡಾವಳಿ ಮಾಡ್ಸೋಳು ನಾನೊಬ್ಳೆ.”

ಕೂಡಾವಳಿ ಎಂದರೆ ವಿಧವೆಯ ಮರುಮದುವೆ. ಹೇಳುವಾಗ ಅವರು ನಗುವುದಿಲ್ಲ. ಹಳೆಯ ಡ್ರೈವಿನ ಗುರುತನ್ನು ಓದಿ ಹೊಸದಕ್ಕೆ ಬರೆಯುತ್ತಾರೆ. ಡಿಸ್ಕಿಗೇ ಗೀರು ಬಿದ್ದಿದ್ದರೆ, ಅದು ಪೂರ್ತಿ ಕೆಡುವ ಮೊದಲೇ ಆಟವನ್ನು ಮೆಷಿನ್ನಿನ ಒಳಕ್ಕೆ ಇಳಿಸಿ, ‘ಡಿಸ್ಕ್ ಎಲ್ಲಿ’ ಎಂದು ಕೇಳುವ ತಪಾಸಣೆಯನ್ನು ತೆಗೆದುಹಾಕುತ್ತಾರೆ. ಎರಡಕ್ಕೂ ಅವರಿಡುವ ಹೆಸರು ಒಂದೇ, ‘ಬೀಗ ತಗಿಯೋದು’. ಈ ಬೀಗದ ದೆಸೆಯಿಂದಲೇ ಅವರ ಮೇಲೆ ಈಗ ಒಂದು ಕ್ರಿಮಿನಲ್ ಕೇಸಿದೆ.

ರಾಣಿಗೆ ನಲವತ್ನಾಲ್ಕು. ಪಿಯುಸಿಯಲ್ಲಿ ಎರಡು ವಿಷಯ ಉಳಿದ ವರ್ಷ ಮೈಸೂರಿನ ಕಡೆಯ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯೊಂದಕ್ಕೆ ಸೇರಿ, ಹದಿನಾಲ್ಕು ವರ್ಷ ಬೆಸುಗೆಯ ಸಾಲಿನಲ್ಲಿ ಕುಳಿತರು. ದಿನಕ್ಕೆ ನಾನೂರು ಬೋರ್ಡು. ಯಾವುದಕ್ಕಾಗಿ ಆ ಬೋರ್ಡು ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಫ್ಯಾಕ್ಟರಿ ಬೇರೆ ರಾಜ್ಯಕ್ಕೆ ಹೋದಾಗ ಒಂದು ಮಸೂರ, ಎರಡು ಚಿಮಟ ಮತ್ತು ಎಡಗೈ ಹೆಬ್ಬೆರಳಿನ ಮೇಲೆ ಮೂರು ಸುಟ್ಟ ಕಲೆಗಳೊಂದಿಗೆ ಕೊಳ್ಳೇಗಾಲಕ್ಕೆ ಬಂದರು. ಗಂಡ ದೇವರಾಜು ಇಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಏಳಡಿ ಒಂಬತ್ತಡಿಯ ಈ ಅಂಗಡಿ ಹಿಡಿದು ಹತ್ತು ವರ್ಷವಾಯಿತು. ಹೊಲಿಗೆ ಅಂಗಡಿ ಎಂದುಕೊಂಡು ಮೊದಮೊದಲು ಹೆಂಗಸರು ಬ್ಲೌಸ್ ಪೀಸು ಹಿಡಿದು ಬರುತ್ತಿದ್ದರಂತೆ. ಗಂಡಸರು ಬಂದರೆ, ಯಜಮಾನರು ಎಲ್ಲಿ ಎಂದು ಕೇಳುತ್ತಿದ್ದರು. ಆಟೋ ಓಡಿಸ್ತಾ ಅವ್ರೆ, ನಿಮ್ಮ ಮಿಕ್ಸೀನೂ ಓಡಿಸ್ಬೇಕಾ ಎಂದು ಕೇಳಿ ಕೇಳಿ ರಾಣಿಗೆ ಸಾಕಾಯಿತು.

ದಿನಕ್ಕೆ ಹತ್ತು ಹನ್ನೆರಡು ಸಾಮಾನು ಬರುತ್ತವೆ. ಗೇಮ್ ಮೆಷಿನ್ ತಿಂಗಳಿಗೆ ಐದೋ ಆರೋ. ಹೆಚ್ಚಿನವು ಒಡೆಯರಪಾಳ್ಯದ ಟಿಬೆಟನ್ ಮನೆಗಳಿಂದ. ಹೊರದೇಶದ ನೆಂಟರು ಕಳಿಸಿದ ಮೆಷಿನ್ನುಗಳು, ಅಲ್ಲೇ ಕೊಂಡ ಡಿಸ್ಕುಗಳು. ಉಳಿದವು ಹನೂರು, ಯಳಂದೂರು, ಧನಗೆರೆಯಂಥ ಊರುಗಳಿಂದ.

ರಾಣಿಯದು ಒಂದೇ ಕಟ್ಟುಪಾಡು. ಕಾಸು ಕೊಟ್ಟು ಕೊಂಡ ಡಿಸ್ಕನ್ನು ಕೈಯಲ್ಲಿ ಹಿಡಿದು ಬರಬೇಕು. ಡಿಸ್ಕಿನ ನಡುವಿನ ತೂತಿನ ಸುತ್ತ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಂಕಿಗಳಿರುತ್ತವೆ. ಅಸಲಿ ಯಾವುದು, ಮನೆಯಲ್ಲಿ ಮಾಡಿಕೊಂಡ ನಕಲು ಯಾವುದು ಎಂದು ಅದರಿಂದ ತಿಳಿಯುತ್ತದೆ. ಆ ಅಂಕಿಯನ್ನು ಮಸೂರದಲ್ಲಿ ಓದಿ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ಮೇಲೆ ಬರೆದು, ಅದರ ಕೆಳಗೆ ತಂದವರ ಹೆಸರು ಬರೆದು ಮೆಷಿನ್ನಿನ ಹೊಟ್ಟೆಗೆ ಅಂಟಿಸುತ್ತಾರೆ. ಡಿಸ್ಕ್ ಇಲ್ಲದೆ ಬಂದವರನ್ನು ಹಾಗೇ ಕಳಿಸುತ್ತಾರೆ. ಹೀಗೆ ಹಿಂದಿರುಗಿದವರು ಬೀದಿಯ ಟೀ ಅಂಗಡಿಯಲ್ಲಿ ಈ ಜಾಗಕ್ಕೆ ‘ಪತಿವ್ರತೆ ಅಂಗ್ಡಿ’ ಎಂದು ಹೆಸರಿಟ್ಟಿದ್ದಾರೆ. ಬೇರೆ ಕಡೆ ಐವತ್ತು ಆಟ ಒಟ್ಟಿಗೇ ತುಂಬಿಕೊಡುತ್ತಾರೆ, ನಿನ್ನದೇನಕ್ಕ ದೊಡ್ಡಸ್ತಿಕೆ ಎಂದು ಮುಖದ ಮೇಲೇ ಕೇಳಿದವರಿದ್ದಾರೆ. ಅಲ್ಲಿಗೇ ಹೋಗಿ ಎಂದು ದಾರಿಯನ್ನೂ ಇವರೇ ಹೇಳಿ ಕಳಿಸುತ್ತಾರೆ.

ಕಳೆದ ಆಷಾಢದ ಒಂದು ಮಧ್ಯಾಹ್ನ, ನಕಲಿ ಮಾರಾಟ ತಡೆಯುವ ಖಾಸಗಿ ಸಂಸ್ಥೆಯೊಂದರ ಇಬ್ಬರು ನೌಕರರು ಪೊಲೀಸರನ್ನು ಕರೆದುಕೊಂಡು ಬೀದಿಗೆ ಬಂದರು. ಪೆನ್‌ಡ್ರೈವಿಗೆ ಸಿನಿಮಾ ತುಂಬುವ ಅಂಗಡಿಗಳನ್ನು ಹುಡುಕಿಕೊಂಡು ಬಂದವರು ಅವರು. ಆ ಅಂಗಡಿಗಳು ಸುದ್ದಿ ತಿಳಿದು ಷಟರ್ ಎಳೆದಿದ್ದವು. ರಾಣಿಯ ಬಾಗಿಲು ತೆರೆದಿತ್ತು. ಕಂಪ್ಯೂಟರಿನಲ್ಲಿ ಗಿರಾಕಿಯೊಬ್ಬರ ಡಿಸ್ಕಿನಿಂದ ಒಂದು ಆಟ ಇಳಿಯುತ್ತಾ ಇತ್ತು. ಅದನ್ನು ನೋಡಿದರು. ಕಂಪ್ಯೂಟರ್, ಐರನ್, ರಾಣಿಯ ಫೋನ್, ರಿಪೇರಿಗೆ ಬಂದಿದ್ದ ನಾಲ್ಕು ಗೇಮ್ ಮೆಷಿನ್, ಅವುಗಳ ಡಿಸ್ಕು ಎಲ್ಲವೂ ಜೀಪು ಹತ್ತಿದವು.

ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮು. ನಕಲು ತಡೆಯಲು ಹಾಕಿದ ತಾಂತ್ರಿಕ ಬೀಗವನ್ನು, ಹಕ್ಕು ಕದಿಯುವ ಉದ್ದೇಶದಿಂದ ದಾಟಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ರಾಣಿಯ ಪರ ನಿಂತ ಯಳಂದೂರಿನ ವಕೀಲ ಗುರುಪಾದಸ್ವಾಮಿ ಅಲ್ಲಿಯವರೆಗೆ ನಡೆಸಿದ್ದೆಲ್ಲ ಬದು, ಬಾವಿ, ಪಾಲುಪಟ್ಟಿಯ ಕೇಸುಗಳು. ಈ ಕಲಮನ್ನು ಅವರು ಮೂರು ರಾತ್ರಿ ಓದಿದರಂತೆ. ಓದಿದ ಮೇಲೆ ಅವರಿಗೆ ಕಂಡದ್ದು ಅದೇ ಕಲಮಿನ ಎರಡನೆಯ ಭಾಗ.

“ಕಾಯ್ದೆ ಯಾವುದ್ನ ಬ್ಯಾಡ ಅಂದಿಲ್ವೋ ಅಂಥ ಕೆಲ್ಸಕ್ಕೆ ಬೀಗ ತೆಗುದ್ರೆ ಈ ಕಲಮು ಅಡ್ಡ ಬರೋದಿಲ್ಲ ಅಂತ ಅಲ್ಲೇ ಬರ್ದದೆ. ಇನ್ನೊಂದು ಕಡೆ, ಕಂಪ್ಯೂಟರ್ ಪ್ರೋಗ್ರಾಮನ್ನ ಕ್ರಮವಾಗಿ ಪಡ್ಕೊಂಡೋನು ಅದು ಹಾಳಾಗ್ದಂಗೆ ಒಂದು ಪ್ರತಿ ಮಾಡ್ಕೋಬಹುದು ಅಂತ್ಲೂ ಅದೆ. ಎರಡೂ ಸೇರುಸಿ ಓದುದ್ರೆ ರಾಣಮ್ಮ ಗೆಲ್ಲಬೋದು. ಗ್ಯಾರಂಟಿ ಅಂತ ಮಾತ್ರ ನಾನು ಹೇಳಲ್ಲ. ಆಟ ಅಂದ್ರೆ ಬರೀ ಪ್ರೋಗ್ರಾಮಾ? ಅದ್ರಲ್ಲಿ ಹಾಡದೆ, ಚಿತ್ರ ಅದೆ. ಅದಕ್ಕೇ ಅವರು ವಾದ ಮಾಡ್ತಾರೆ. ಇಂಥದ್ದೇ ಕೇಸು ತೀರ್ಮಾನ ಆಗಿರೋದು ನನಗಂತೂ ಸಿಕ್ಕಿಲ್ಲ.”

ತೊಡಕು ಇನ್ನೊಂದಿತ್ತು. ಬೇರೆಯವರಿಗಾಗಿ ಬೀಗ ತೆಗೆದುಕೊಡುವವರು, ಆ ಬೇರೆಯವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ಪೂರ್ತಿ ಬರೆದಿಟ್ಟಿರಬೇಕು ಎಂದು ಕಾಯ್ದೆ ಹೇಳುತ್ತದೆ. ರಾಣಿ ಇದನ್ನು ಓದಿದವರಲ್ಲ. ಆದರೂ ಬರೆದಿಟ್ಟಿದ್ದರು, ಪ್ಲಾಸ್ಟರಿನ ಮೇಲೆ. ವಕೀಲರು ಸಂತೋಷದಿಂದ ಜಪ್ತಿ ಪಟ್ಟಿ ತೆರೆದು ನೋಡಿದರೆ ನಾಲ್ಕು ಮೆಷಿನ್ನಿನ ಮೇಲೆ ಇದ್ದ ಹೆಸರುಗಳು ಹೀಗಿದ್ದವು: ಘಾಟಿ ಡ್ರೈವರಪ್ಪ. ಸ್ವೆಟರ್ ಅಕ್ಕನ ತಮ್ಮ. ಧನಗೆರೆ ಉದ್ದನ್ ಮೇಷ್ಟ್ರು. ಸೋಡಾ ಅಂಗ್ಡಿ ಸೊಸೆ.

ಇಂಥ ವ್ಯಕ್ತಿಗಳು ಭೂಮಿಯ ಮೇಲೇ ಇಲ್ಲ, ಇವು ಕಳ್ಳ ಹೆಸರುಗಳು ಎಂದು ಎದುರು ಪಕ್ಷ ಬರೆದುಕೊಟ್ಟಿತು. ರಾಣಿಗೆ ಅದು ಈಗಲೂ ಅರ್ಥವಾಗುವುದಿಲ್ಲ.

“ಅವ್ರನ್ನ ಇನ್ನೇನಂತ ಕರೀತಾರೆ? ಫೋನಲ್ಲೂ ಅಂಗೇ ಹಾಕ್ಕಂಡಿವ್ನಿ. ಅಪ್ಪನ್ ಹೆಸ್ರು, ಡೋರ್ ನಂಬರು ಎಲ್ಲಾ ಕೇಳ್ಕಂಡು ಕೂತ್ರೆ, ಇವ್ಳೇನು ಹೆಣ್ಣು ನೋಡಕ್ ಬಂದಿವ್ಳಾ ಅನ್ನಕ್ಕಿಲ್ವಾ?”

ಫೋನ್ ಕೂಡ ಠಾಣೆಯಲ್ಲಿತ್ತು. ಹಾಗಾಗಿ ಮೂರು ಭಾನುವಾರ ವಕೀಲರ ಸ್ಕೂಟರಿನ ಹಿಂದೆ ಕುಳಿತು ರಾಣಿ ತಮ್ಮ ಗಿರಾಕಿಗಳನ್ನು ಹುಡುಕಿದರು. ಒಡೆಯರಪಾಳ್ಯದಲ್ಲಿ ಸ್ವೆಟರ್ ಅಕ್ಕ ಎಂದೊಡನೆ ಮನೆ ತೋರಿಸಿದರು. ತಮ್ಮ ಅಲ್ಲೇ ಇದ್ದ. ಧನಗೆರೆಯಲ್ಲಿ ಉದ್ದನೆಯ ಮೇಷ್ಟ್ರು ಮೂವರು ಸಿಕ್ಕಿದರು. ಮೂರನೆಯವರು ಸರಿಯಾದವರು. ಯಳಂದೂರಿನ ಸೋಡಾ ಅಂಗಡಿಯ ಸೊಸೆ ನಾಗಶ್ರೀ ಬಾಗಿಲಲ್ಲೇ ಮೆಲ್ಲಗೆ ಮಾತಾಡಿದಳು. ಅವಳು ಆಟ ಆಡುವುದು ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಮೆಷಿನ್ನೂ ಡಿಸ್ಕೂ ತನ್ನವೇ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಊರಿಗೇ ಗೊತ್ತಾಗುತ್ತದೆ. ಯೋಚನೆ ಮಾಡಿ ಹೇಳುತ್ತೇನೆ ಎಂದಳು. ರಾಣಿ ಒತ್ತಾಯ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ನಾಗಶ್ರೀ ಅತ್ತೆಯನ್ನೇ ಜೊತೆಗೆ ಕರೆದುಕೊಂಡು ವಕೀಲರ ಕಚೇರಿಗೆ ಬಂದು ಸಹಿ ಹಾಕಿದಳು.

ಘಾಟಿ ಡ್ರೈವರಪ್ಪನನ್ನು ಹುಡುಕುವ ಕೆಲಸವೇ ಬೀಳಲಿಲ್ಲ. ಅರವತ್ಮೂರರ ಪುಟ್ಟಮಾದಪ್ಪ ಇಪ್ಪತ್ತೇಳು ವರ್ಷ ಬೆಟ್ಟದ ದಾರಿಯಲ್ಲಿ ಬಸ್ ಓಡಿಸಿ ನಿವೃತ್ತರಾಗಿ ಹನೂರಿನಲ್ಲಿದ್ದಾರೆ. ಸುಮ್ಮನೆ ಕೂರಲಾರರೆಂದು ಮೆಷಿನ್ ಕೊಡಿಸಿದ್ದು ಮಗಳು, ಲಾರಿ ಓಡಿಸುವ ಆಟದ ಡಿಸ್ಕ್ ಅವರೇ ಕೊಂಡದ್ದು. ಡ್ರೈವ್ ಕೆಟ್ಟು ರಿಪೇರಿಗೆ ಕೊಟ್ಟಿದ್ದ ಮೆಷಿನ್ ಪೊಲೀಸರ ಪಾಲಾಯಿತೆಂದು ಕೇಳಿ ಅವರೇ ಬಸ್ ಹತ್ತಿ, ಡಿಸ್ಕ್ ಕೊಂಡ ರಸೀದಿ ಹಿಡಿದುಕೊಂಡು ಠಾಣೆಗೆ ಬಂದರು. ಅಲ್ಲಿ ಹೆಡ್ ಕಾನ್‌ಸ್ಟೇಬಲ್ ಜೊತೆ ನಡೆದ ಮಾತನ್ನು, ಪಕ್ಕದಲ್ಲೇ ಕುಳಿತಿದ್ದ ರಾಣಿ ಒಂದಕ್ಷರ ಬಿಡದೆ ಹೇಳುತ್ತಾರೆ.

“ಸಾ, ಮನೆ ನಂದು. ಬೀಗದ ಕೈ ಮುರ್ದೋಯ್ತು. ಬಂದು ತಗಿಯವ್ವ ಅಂತ ನಾನೇ ಕರ್ದಿವ್ನಿ. ತಗ್ದವ್ರು ಕಳ್ರಾ?”

“ಬೀಗ ನಿಮ್ದಲ್ವಂತಲ್ಲ ಯಜಮಾನ್ರೇ. ಕಂಪ್ನಿದಂತೆ.”

“ಅಂಗಾರೆ ನಾನು ಕಾಸು ಕೊಟ್ಟಿರದು ಯಾತುಕ್ಕೆ?”

ಹೆಡ್ ಕಾನ್‌ಸ್ಟೇಬಲ್ ರಸೀದಿ ಮಡಚಿ ವಾಪಸ್ ಕೊಟ್ಟರಂತೆ. ಆಮೇಲೆ, ಅದನ್ನ ಜಡ್ಜ್ ಹತ್ರ ಕೇಳಿ ಎಂದು ಟೀ ತರಿಸಿಕೊಟ್ಟರಂತೆ. ಪುಟ್ಟಮಾದಪ್ಪ ಕೇಳಿದ ಪ್ರಶ್ನೆಗೆ ಈ ಕೇಸಿನ ಕಾಗದಗಳಲ್ಲೂ ಇನ್ನೂ ಉತ್ತರ ಬಂದಿಲ್ಲ. ಡಿಸ್ಕ್ ಕೊಂಡವನು ಕೊಂಡದ್ದು ಆಟವನ್ನೋ, ಕಂಪನಿ ಒಪ್ಪಿದಷ್ಟು ದಿನ ಆಡುವ ಅನುಮತಿಯನ್ನೋ? ಕೊಂಡ ಮೇಲೆ ಅದರ ಬೀಗ ಯಾರದ್ದು?

ನಾಲ್ವರ ಪ್ರಮಾಣಪತ್ರ ನೋಡಿದ ಮೇಲೆ ಕೋರ್ಟು ಕಂಪ್ಯೂಟರ್, ಐರನ್, ಫೋನನ್ನು ಮುಚ್ಚಳಿಕೆಯ ಮೇಲೆ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಆ ಐದು ತಿಂಗಳು ರಾಣಿ ಸಾಲ ತಂದ ಐರನ್ನಿನಲ್ಲಿ ಮಿಕ್ಸಿ ರಿಪೇರಿ ಮಾಡಿದರು. ನಾಲ್ಕು ಮೆಷಿನ್ನು ಮತ್ತು ಡಿಸ್ಕುಗಳು ಸಾಕ್ಷ್ಯವಾದ್ದರಿಂದ ಠಾಣೆಯಲ್ಲೇ ಇವೆ. ಕೇಸು ಮುಗಿದಿಲ್ಲ.

ಅಂಗಡಿಯಲ್ಲಿ ಈಗ ಪ್ಲಾಸ್ಟರಿನ ಜೊತೆಗೆ ಉದ್ದನೆಯ ಒಂದು ನೋಟ್‌ಬುಕ್ಕಿದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಡಿಸ್ಕಿನ ಅಂಕಿ, ಉದ್ದೇಶ. ಗುಂಡಗಿನ ಶಾಲೆಯ ಅಕ್ಷರ. ಪೂರ್ತಿ ಹೆಸರಿನ ಕೆಳಗೆ ಚಿಕ್ಕದಾಗಿ ಅಡ್ಡಹೆಸರನ್ನೂ ಬರೆಯುತ್ತಾರೆ. ಇಲ್ಲದಿದ್ದರೆ ಮೆಷಿನ್ ವಾಪಸ್ ಕೊಡುವಾಗ ಯಾರದ್ದೆಂದು ಅವರಿಗೇ ತಿಳಿಯುವುದಿಲ್ಲವಂತೆ. ಉದ್ದೇಶ ಎಂಬಲ್ಲಿ ಏನು ಬರೆಯಬೇಕೆಂದು ಗುರುಪಾದಸ್ವಾಮಿ ಎರಡು ಸಾಲಿನ ಮಾದರಿ ಕೊಟ್ಟಿದ್ದಾರೆ. ಮೊದಲ ಹಾಳೆಯಲ್ಲಿ ಎಲ್ಲರಿಗೂ ಅದು ಇದೆ. ಎರಡನೆಯ ಹಾಳೆಯಿಂದ ‘ಆಡಕ್ಕೆ’ ಎಂದಷ್ಟೇ ಇದೆ.

ಸಂಕ್ರಾಂತಿ ಕಳೆದ ಮೇಲೆ ವಕೀಲರು ಒಂದು ಸುಲಭದ ದಾರಿಯನ್ನೂ ಹೇಳಿದರು. ತಪ್ಪೊಪ್ಪಿಕೊಂಡರೆ ದಂಡದಲ್ಲೋ ಕಡಿಮೆ ಶಿಕ್ಷೆಯಲ್ಲೋ ಮುಗಿಯಬಹುದು. ಹೋರಾಡಿದರೆ ವರ್ಷಗಟ್ಟಲೆ ಅಲೆಯಬೇಕು, ಸೋತರೆ ಜೈಲೂ ಆಗಬಹುದು. ದೇವರಾಜು ಒಪ್ಪಿಕೊಂಡುಬಿಡು ಎಂದರು. ಮೂರನೆಯ ದಿನ ರಾಣಿ ಆಗುವುದಿಲ್ಲ ಎಂದರು. ಕಾರಣವನ್ನು ನನಗೆ ಹೇಳುವಾಗಲೂ ಅವರ ಕೈ ಒಂದು ರಿಮೋಟಿನ ತಿರುಪು ಬಿಚ್ಚುತ್ತಲೇ ಇದೆ.

“ಬೋರ್ಡು ನನ್ನ ಕೈಲಿ ಸುಟ್ಟೋದ್ರೆ ಸುಟ್ಟೆ ಅಂತ ಯೋಳ್ತೀನಿ, ಬೇರೆ ಹಾಕ್ಕೊಡ್ತೀನಿ. ಇದ್ನ ಒಪ್ಕಂಡ್ರೆ ನಾನೊಬ್ಳೇ ಅಲ್ಲ, ಆ ನಾಕು ಜನಾನೂ ಕಳ್ಮಾಲು ಮಡಿಕಂಡವ್ರು ಅಂತಾಯ್ತದ. ಅತ್ತೇನ ಜತೇಲಿ ಕರ್ಕಂಡು ಬಂದು ಸೈನ್ ಹಾಕ್ದವ್ಳು ಆ ಕೂಸು.”

ಗೋಡೆಯಾಚೆ ಮಗ್ಗಗಳು ಒಂದೊಂದಾಗಿ ಶುರುವಾಗುತ್ತವೆ. ಮೇಜಿನ ಮೇಲಿನ ತಿರುಪುಗಳು ತಟ್ಟೆಯಲ್ಲಿ ಸಣ್ಣಗೆ ಕುಣಿಯುತ್ತವೆ. ರಾಣಿ ಅಂಗೈ ಅಡ್ಡ ಇಟ್ಟು ಅವನ್ನು ನಿಲ್ಲಿಸಿ, ಮಸೂರ ತೆಗೆದು, ಮೊದಲ ಸಲ ತಾವಾಗಿಯೇ ಒಂದು ಪ್ರಶ್ನೆ ಕೇಳುತ್ತಾರೆ. ಮುಂದಿನ ವಾಯಿದೆ ಹದಿನೆಂಟನೇ ತಾರೀಖು.

“ನೀನು ಓದಿರೋಳು, ವಸಿ ಕೇಳಿ ಯೋಳು ಕಣ್ಣು. ಜಡ್ಜಮ್ಮ ತಮ್ಮ ಕೈಯಾರೆ ಆ ಡ್ರೈವರಪ್ಪನ ಡಿಸ್ಕ್ ಹಾಕಿ ನೋಡ್ಲಿ. ಮೆಷಿನ್ ಒಲ್ಲೆ ಅಂತದ. ಆಮ್ಯಾಕೆ ನಾನು ಅವ್ರ ಮುಂದೇನೆ ಕೂತ್ಕಂಡು ತಗ್ದು ತೋರುಸ್ತೀನಿ. ಯಾರ್ದು ಕದ್ದೆ ಅಂತ ಅವ್ರೇ ಯೋಳ್ಲಿ. ಅರ್ಧ ಗಂಟೆ ಸಾಕು. ಕೋರ್ಟ್ ಹಾಲಲ್ಲಿ ಪ್ಲಗ್ ಪಾಯಿಂಟ್ ಇದ್ದದಾ?”