ಅಮಲ್ದಾರರ ಮುಂದೆ ನನ್ನ ಶಿಷ್ಯ

ಬರೀ ಔಷಧಿ ಬರೆದರೆ ಸಾಲದು, ಮಕ್ಕಳಿಗಾಗಿ ಸರ್ಕಾರವನ್ನೂ ಬಾಯಿ ಬಿಟ್ಟು ಕೇಳಬೇಕು ಎಂದು ಮಕ್ಕಳ ಮನೋರೋಗ ಕಲಿಯುತ್ತಿದ್ದ ಡಾಕ್ಟರುಗಳಿಗೆ ಹೇಳಿಕೊಡುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ನನ್ನ ತಲೆಗೆ ಬಿದ್ದಿತ್ತು. ಹೊಳಲು ಎಂಬ ಹಳ್ಳಿಯಲ್ಲಿ ಕಿವಿ ಕೇಳಿದರೂ ಮಾತಾಡದ ಹುಡುಗಿಯೊಬ್ಬಳನ್ನು ಸ್ಕೂಲಿಗೆ ಸೇರಿಸಿಕೊಂಡಿರಲಿಲ್ಲ. ಅವಳ ತಾಯಿಯನ್ನೂ ಒಬ್ಬ ಶಿಷ್ಯನನ್ನೂ ಮಂಡ್ಯ ತಾಲ್ಲೂಕಿನ ಅಧಿಕಾರಿಗಳಾದ ಅಮಲ್ದಾರರ ಹತ್ತಿರ ಕರೆದೊಯ್ದೆ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಅವನಿಗೆ ಬಾಯಿಪಾಠ ಮಾಡಿಸಿದೆ.

“ಏನು ವಿಷಯ?” ಎಂದರು ಅಮಲ್ದಾರರು.

ನನ್ನ ಶಿಷ್ಯ ಮಹರಾಯ ಹ್ಯಾಟನ್ನು ಎದೆಗವಚಿಕೊಂಡು ನಿಂತ. ಕೆಮ್ಮಿದೆ, ತಿವಿದೆ. ಊಹೂಂ, ತುಟಿ ಬಿಚ್ಚಲಿಲ್ಲ.

ಆ ತಾಯಿಗೇ ರೇಗಿತು. ಅವನತ್ತ ಕೈ ತೋರಿಸಿ, “ನನ್ ಮಗ್ಳೂ ಇಂಗೇಯ ಸ್ವಾಮಿ, ಮಾತಾಡಕಿಲ್ಲ. ಇವ್ರನ್ನ ಡಾಕ್ಟ್ರು ಓದ್ಸವ್ರಲ್ಲ, ನನ್ ಮಗ್ಳಿಗೆ ಅಆಇಈ ಕಲ್ಸಕ್ಕೇನು?” ಎಂದಳು.

ಅಮಲ್ದಾರರು ನಗುತ್ತಲೇ ಆರ್ಡರು ಬರೆದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಶಿಷ್ಯ, ಬಾಯಿಪಾಠ ಮಾಡಿದ್ದನ್ನೆಲ್ಲ ಒಂದಕ್ಷರ ತಪ್ಪದೆ ನನಗೆ ಒಪ್ಪಿಸಿದ!