ಬೋರಕ್ಕನ ಖಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರೆಯೋಣವೆಂದು ಎರಡು ತಿಂಗಳು ಕಾದೆ, ತಣ್ಣಗಾಗಲಿಲ್ಲ.

ತಳಕಿನ ಬಸ್ ನಿಲ್ದಾಣದ ಎದುರು ತಗಡಿನ ಅಂಗಡಿಯಲ್ಲಿ ಆಲೂಗಡ್ಡೆ ಚಿಪ್ಸ್ ಕರಿಯುವ ಬೋರಕ್ಕ ನನಗೆ ನೆಂಟಳೇನಲ್ಲ. ನಾನು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಮೇಷ್ಟ್ರು. ಬಸ್ಸು ನಿಂತಾಗ ಅವಳ ಕೈಯ ಒಂದು ಪೊಟ್ಟಣ ತಿನ್ನದಿದ್ದರೆ ನನಗೆ ಪಾಠವೇ ಓಡುವುದಿಲ್ಲ.

ಏಳು ವರ್ಷದ ಹಿಂದೆ ಒಂದು ಸಂತೆಯ ದಿನ ಅವಳ ಮೆಣಸಿನಪುಡಿ ಮುಗಿದುಹೋಯಿತು. ಬಾಣಲೆಯಲ್ಲಿ ಚಿಪ್ಸ್ ಬೇಯುತ್ತಿತ್ತು, ಎದುರಿಗೆ ಗಿರಾಕಿಗಳು ನಿಂತಿದ್ದರು. ಬೋರಕ್ಕ ತನ್ನ ಬುತ್ತಿ ಬಿಚ್ಚಿ, ರೊಟ್ಟಿಗೆಂದು ತಂದಿದ್ದ ಪುಡಿಯನ್ನೇ ಬಿಸಿ ಚಿಪ್ಸಿನ ಮೇಲೆ ಉದುರಿಸಿದಳು. ಹುರಿದ ಹುರುಳಿ, ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಹಾಕಿ ಅವಳ ಅವ್ವ ಕುಟ್ಟುತ್ತಿದ್ದ ಪುಡಿ ಅದು. ಡ್ರೈವರ್ ಒಬ್ಬ ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೆರಡು ಪೊಟ್ಟಣ ಕೇಳಿದ. ದೇವಸಮುದ್ರದ ಬಸ್ಸಿನವರು ಒಯ್ದರು, ರಾಯದುರ್ಗದ ಕಡೆಯವರು ಕಟ್ಟಿಸಿಕೊಂಡು ಹೋದರು. ವರ್ಷ ಕಳೆಯುವಷ್ಟರಲ್ಲಿ ಮೊಳಕಾಲ್ಮುರಿನ ಬೇಕರಿಗಳಲ್ಲೂ ಜನ “ಬೋರಕ್ಕನ ಖಾರ ಐತಾ?” ಎಂದು ಕೇಳತೊಡಗಿದರು.

ಬೇಕರಿಯವರು ಬಂದು ಹದ ಕೇಳಿದರು, ಹೇಳಿದಳು. ತಳ್ಳುಗಾಡಿಯವರು ಕೇಳಿದರು, ಅವರಿಗೂ ಹೇಳಿದಳು. ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ, “ಹೆಪ್ಪು ಕೇಳ್ದೋರಿಗೆ ಇಲ್ಲ ಅಂತಾರೇನ್ರಿ ಮೇಷ್ಟ್ರೇ? ಕೊಟ್ರೆ ನಮ್ಮನೆ ಮೊಸ್ರೇನು ಕಡಿಮೆ ಆಗಲ್ಲ” ಅಂದಳು. ನಾನೂ ತಲೆದೂಗಿದೆ, ಮೂರ್ಖ.

ಹೋದ ವರ್ಷ ಇಸ್ತ್ರಿ ಅಂಗಿಯ ಒಬ್ಬ ಆಸಾಮಿ ಬಸ್ಸಿನಲ್ಲಿ ನನ್ನ ಪಕ್ಕ ಕೂತ. ಯಾವುದೋ ದೂರದ ತಿಂಡಿ ಕಂಪನಿಯವನಂತೆ, ಈ ಖಾರದ ಮೂಲ ಹುಡುಕಿ ಬಂದಿದ್ದನಂತೆ. ಬೋರಕ್ಕನಿಗೆ ಒಳ್ಳೆಯದಾಗಲಿ ಎಂದು ನಾನೇ ಅವನನ್ನು ಕರೆದೊಯ್ದೆ. ಹುರುಳಿ ಎಷ್ಟು ಕೆಂಪಗಾಗಬೇಕು, ಪುಡಿ ಯಾವಾಗ ಉದುರಿಸಿದರೆ ಹಿಡಿಯುತ್ತದೆ, ಎಲ್ಲವನ್ನೂ ಅವಳು ಕೂರಿಸಿ ತೋರಿಸಿದಳು. ಅವನು ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಹೊರಟಾಗ ಡಬ್ಬಿ ತುಂಬ ಪುಡಿಯನ್ನೂ ಕೊಟ್ಟಳು.

ಎಂಟು ತಿಂಗಳಿಗೆ ಅಂಗಡಿಗಳಲ್ಲಿ ಮಿರಮಿರ ಮಿಂಚುವ ಪಾಕೀಟುಗಳು ನೇತಾಡಿದವು. ಹೆಸರು ‘ಬೋರಕ್ಕನ ಖಾರ’. ಚಿತ್ರದಲ್ಲಿ ಮೂಗುತಿಯ ಯಾವಳೋ ಬೆಳ್ಳನೆಯ ಅಜ್ಜಿ ನಗುತ್ತಿದ್ದಳು. ಆ ಯಮ್ಮ ಬಾಣಲೆಯ ಮುಖ ಕಂಡವಳಂತೆ ಕಾಣಲಿಲ್ಲ. ಹಿಂಬದಿ ಓದಿದೆ: ಕಂಪನಿಯ ತಜ್ಞರು ಕಂಡುಹಿಡಿದ ರುಚಿಯಂತೆ. ತಜ್ಞರಂತೆ! ಅವರ ಬಾಯಿಗೆ ಮಣ್ಣು ಹಾಕ!

ಮರುವಾರ ಅವಳಿಗೆ ರಿಜಿಸ್ಟರ್ ಪೋಸ್ಟ್ ಬಂತು. ಅವಳಿಗೆ ಓದಲು ಬಾರದು, ನಾನೇ ಓದಿ ಹೇಳಬೇಕಾಯಿತು. ಆ ಹೆಸರು ಈಗ ಕಂಪನಿಯದು, ಅಂಗಡಿಯ ಬೋರ್ಡಿನಿಂದ ತೆಗೆಯದಿದ್ದರೆ ಕೋರ್ಟು.

“ನಮ್ಮಪ್ಪ ಇಟ್ಟ ಹೆಸ್ರು ಅದು. ಅವರದ್ಹೆಂಗಾಯ್ತು?” ಅಂದಳು.

“ಕೋರ್ಟಿಗೆ ನಾವೂ ಹೋಗೋಣ, ನಾನಿದ್ದೀನಿ” ಅಂದೆ.

“ಬಿಡ್ರಿ ಮೇಷ್ಟ್ರೇ. ನೀವು ಅವನ್ನ ಕರ್ಕಂಬಂದಿದ್ದೇ ಸಾಕು.”

ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು. ಬೋರ್ಡು ಇಳಿಯಿತು. ಈಗ ಬಸ್ಸಿಳಿದ ಜನ, “ಇದು ಆ ಪಾಕೀಟಿನ ಡೂಪ್ಲಿಕೇಟಾ?” ಎಂದು ಅವಳನ್ನೇ ಕೇಳುತ್ತಾರೆ. ಮೊದಮೊದಲು ನಾನು ಅವರ ಮೇಲೆ ಜಗಳಕ್ಕೆ ಹೋಗುತ್ತಿದ್ದೆ, ಅವಳೇ ಬೇಡವೆಂದಳು.

ಮೊನ್ನೆ ದೇವಸಮುದ್ರದ ಕಡೆಯಿಂದ ದಾಕ್ಷಾಯಿಣಿ ಎಂಬ ಹೆಂಗಸು ಬಂದಿದ್ದಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಶಾಲೆಯ ಮುಂದೆ ಚಿಪ್ಸ್ ಮಾರಿ ಮನೆ ನಡೆಸಬೇಕು ಎಂದಳು.

“ಹುರುಳಿ ಎಷ್ಟು ಹಾಕ್ಬೇಕಕ್ಕಾ?”

ಬೋರಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈಯಲ್ಲಿ ಫೋನಿದೆಯೇ ಎಂದು ನೋಡಿದಳು, ಚೀಲವನ್ನೂ ನೋಡಿದಳು.

“ನಂಗೊತ್ತಿಲ್ಲ ಕಣವ್ವ. ಪುಡಿ ನಂಗೆ ಯಾರೋ ಮಾಡಿಕೊಡ್ತಾರೆ” ಅಂದಳು.

ದಾಕ್ಷಾಯಿಣಿ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ನಡೆದಳು. ಬೋರಕ್ಕನ ಎರಡೂ ಕೈಗೆ ಮೊಣಕೈವರೆಗೆ ಹುರುಳಿ ಪುಡಿ ಮೆತ್ತಿತ್ತು.